ಅಪ್ಪನ ಆಟದ ಕ್ಯಾಸೆಟ್ಟುಗಳು: ಕಾಪಿ ಮಾಡುವುದು, ಕೊಡುವುದು, ಕೇಳುವುದು

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ತೀರಿಹೋದ ನನ್ನ ತಂದೆಯವರು 1982ರಿಂದ 1995ರವರೆಗೆ ಯಕ್ಷಗಾನದ ಆಟಗಳಿಗೆ, ತಾಳಮದ್ದಳೆಗಳಿಗೆ (ವೇಷ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ಹೋಗಿ ತಾವೇ ರೆಕಾರ್ಡ್ ಮಾಡಿದ ಸುಮಾರು 140 ಕ್ಯಾಸೆಟ್ ಮನೆಯಲ್ಲಿ ಉಂಟು. ಇಂಥದೇ ಸಂಗ್ರಹ ಇರುವ ಇಬ್ಬರ ಜೊತೆ ಬದಲಾಯಿಸಿಕೊಳ್ಳಲು ಶುರು ಮಾಡಿದೆ. ಒಬ್ಬರು ಕೊಟ್ಟ ಕಾಪಿಯಲ್ಲಿ ಭಾಗವತರ, ಅಂದರೆ ಪದ್ಯ ಹಾಡುವವರ ಸ್ವರ ಸಪೂರ, ಓಡಿದ ಹಾಗೆ ಕೇಳುತ್ತದೆ. ಹೇಳಿದ್ದಕ್ಕೆ ‘ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಸಾಕು’ ಎಂದರು. ಇನ್ನೊಬ್ಬರು ಮೂರು ಒರಿಜಿನಲ್ ಕ್ಯಾಸೆಟ್ ತೆಗೆದುಕೊಂಡು ಹೋಗಿ ಎಂಟು ತಿಂಗಳಾಯಿತು. ಅವರಿಗೇ ಕೊಟ್ಟ ಒಂದು ತಾಳಮದ್ದಳೆಯ ಕಾಪಿ ಈಗ ಯೂಟ್ಯೂಬಿನಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಉಂಟು. ಇನ್ನು ಯಾರಿಗೂ ಕೊಡುವುದೇ ಬೇಡ ಅಂತ ಕಾಣುತ್ತದೆ. ಕೊಡುವುದಾದರೆ ಹೇಗೆ ಕಾಪಿ ಮಾಡಬೇಕು, ಯಾವ ಕ್ರಮ ಇಟ್ಟುಕೊಳ್ಳಬೇಕು?

ಉತ್ತರ: ಮೊದಲು ಆ ಮೂರು ಒರಿಜಿನಲ್ ಮನೆಗೆ ಬರಲಿ. ಸೌಂಡಿನ ವಿಚಾರ ಆಮೇಲೆ.

ಫೋನ್ ಮಾಡಿದರೆ ‘ನಾಡಿದ್ದು ಕೊಡ್ತೇನೆ’ ಅನ್ನುತ್ತಾರೆ. ಆ ನಾಡಿದ್ದು ಬರುವುದಿಲ್ಲ. ಒಂದು ಆದಿತ್ಯವಾರ ಬೆಳಿಗ್ಗೆ ನೀವೇ ಹೋಗಿ. ಅವರಿಗೆ ಇಷ್ಟ ಆಗುವ ಬೇರೆ ಒಂದು ಪ್ರಸಂಗವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ‘ನಿಮಗೆ ಕಾಪಿ ಮಾಡ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ ಕಾಣ್ತದೆ, ಕೊಡಿ, ನಾನೇ ಮಾಡಿ ತಂದು ಕೊಡ್ತೇನೆ’ ಅನ್ನಿ. ನಾನು ನೋಡಿದ ಮಟ್ಟಿಗೆ ಹೀಗೆ ಇಟ್ಟುಕೊಳ್ಳುವವರಲ್ಲಿ ಕಳ್ಳರು ಕಡಿಮೆ. ಅವರ ಡೆಕ್ಕು, ಅಂದರೆ ಕ್ಯಾಸೆಟ್ ಹಾಕುವ ಯಂತ್ರ ಕೆಟ್ಟಿರುತ್ತದೆ, ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿರುತ್ತದೆ, ರಿಪೇರಿಯವ ಸಿಕ್ಕಿರುವುದಿಲ್ಲ. ಅದನ್ನು ಹೇಳಲು ನಾಚಿಕೆ. ನೀವು ದಾರಿ ಮಾಡಿಕೊಟ್ಟರೆ ಕಪಾಟಿನಿಂದ ತೆಗೆದು ಕೊಡುತ್ತಾರೆ.

ಮುಂದೆ ಒರಿಜಿನಲ್ ಯಾರಿಗೂ ಕೊಡಬೇಡಿ. ನಂಬಿಕೆಯ ಪ್ರಶ್ನೆ ಅಲ್ಲ ಇದು. ಕ್ಯಾಸೆಟ್ಟಿನ ಟೇಪು 4 ಮಿಲಿಮೀಟರ್ ಅಗಲವೂ ಇಲ್ಲ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ದಪ್ಪ ಸುಮಾರು 12 ಮೈಕ್ರಾನ್, ನಿಮ್ಮ ತಲೆಕೂದಲಿಗಿಂತ ಎಷ್ಟೋ ತೆಳು. 120 ನಿಮಿಷದ್ದು ಇನ್ನೂ ತೆಳು. ಕೊಳಕು ರೋಲರಿನ ಒಂದು ಡೆಕ್ಕು ಸಾಕು, ಅರ್ಧ ನಿಮಿಷದಲ್ಲಿ ಟೇಪು ಸುತ್ತಿಕೊಂಡು ಪಿಟೀಲು ತಂತಿಯ ಹಾಗೆ ಎಳೆದುಹೋಗುತ್ತದೆ. ಎಳೆದುಹೋದ ಟೇಪು ಪುನಃ ಸರಿ ಆಗುವುದಿಲ್ಲ. ಯಾರಿಗಾದರೂ ಒರಿಜಿನಲ್ಲೇ ಕೇಳಬೇಕು ಅಂತಿದ್ದರೆ ನಿಮ್ಮ ಮನೆಗೆ ಬರಲಿ. ಚಾ ಕೊಡಿ, ಕೇಳಿಸಿ, ಕಳಿಸಿ.

ಇನ್ನು ಆ ‘ಸಪೂರ, ಓಡಿದ ಹಾಗೆ’ ಕೇಳುವ ಕಾಪಿ. ನಿಮಗೆ ಒಂದೇ ಕಾಯಿಲೆ ಅನ್ನಿಸಿದ್ದು ಎರಡು ಬೇರೆ ಬೇರೆ ಕಾಯಿಲೆ. ಒಂದಕ್ಕೆ ಅವರು ಕಾರಣ ಇರಬಹುದು, ಇನ್ನೊಂದಕ್ಕೆ ಬಹುಶಃ ಅಲ್ಲ.

ಓಡುವುದಕ್ಕೆ ಹೆಚ್ಚಾಗಿ ಕಾರಣ ಆ ರಾತ್ರಿಯ ಬ್ಯಾಟರಿ. ಗದ್ದೆಯಲ್ಲಿ ಆಟ, ಪ್ಲಗ್ಗು ಸಿಗುವುದಿಲ್ಲ, ಟೇಪ್‌ರೆಕಾರ್ಡರಿಗೆ ದೊಡ್ಡ ಸೆಲ್ಲು ಹಾಕಿ ರಾತ್ರಿ ಇಡೀ ರೆಕಾರ್ಡ್. ಆಟಕ್ಕೆ ಮೊದಲು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ಆಗುವ ಚೌಕಿಪೂಜೆಯ ಹೊತ್ತಿಗೆ ಸೆಲ್ಲು ಹೊಸತು. ಬೆಳಗಿನ ಜಾವಕ್ಕೆ ಅದಕ್ಕೂ ನಿದ್ದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕಾದ ಟೇಪು 4.5ರಲ್ಲಿ ತೆವಳುತ್ತದೆ. ಮರುದಿನ ಅದನ್ನು ಸರಿಯಾದ ವೇಗದ ಡೆಕ್ಕಿಗೆ ಹಾಕಿದರೆ ಸುಮಾರು ಶೇ. 6ರಷ್ಟು ಬೇಗ ಓಡುತ್ತದೆ, ಶ್ರುತಿ ಹಾರ್ಮೋನಿಯಮಿನ ಒಂದು ಮನೆ ಮೇಲೇರುತ್ತದೆ. ಕಪ್ಪು ಎರಡರಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಕೇಳುತ್ತದೆ. ಕೇಳುವವರು ‘ಬೆಳಗಾಗುವಾಗಲೂ ಎಂಥ ಶ್ರುತಿ ಮಾರಾಯ್ರೆ’ ಅಂತ ಭಾಗವತರನ್ನು ಹೊಗಳುತ್ತಾರೆ. ಹೊಗಳಿಕೆ ಸಲ್ಲಬೇಕಾದ್ದು ಸತ್ತ ಸೆಲ್ಲಿಗೆ.

ಇದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು. ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಬದಲಾಯಿಸುವ ಅವಕಾಶ ಉಂಟು. ಸ್ಪೀಡನ್ನೇ ಬದಲಾಯಿಸಿ. ಪಿಚ್ ಮಾತ್ರ ಅಥವಾ ಟೆಂಪೋ ಮಾತ್ರ ಬದಲಾಯಿಸುವ ಬೇರೆ ಆಯ್ಕೆಗಳೂ ಅಲ್ಲೇ ಇರುತ್ತವೆ, ಅವನ್ನು ಮುಟ್ಟಬೇಡಿ. ಟೇಪು ನಿಧಾನ ಆದಾಗ ಎರಡೂ ಒಟ್ಟಿಗೇ ಕೆಟ್ಟದ್ದಲ್ವಾ, ಎರಡೂ ಒಟ್ಟಿಗೇ ಸರಿಯಾಗಬೇಕು. ಸೆಲ್ಲು ಮೆಲ್ಲಮೆಲ್ಲನೆ ಸತ್ತ ಕಾರಣ ಇಡೀ ಕ್ಯಾಸೆಟ್ಟಿಗೆ ಒಂದೇ ಲೆಕ್ಕ ಹಿಡಿಯುವುದಿಲ್ಲ. ಹತ್ತು ಹತ್ತು ನಿಮಿಷಕ್ಕೆ ಬೇರೆ ಲೆಕ್ಕ ಬೇಕಾದೀತು.

ಯಾವುದನ್ನು ಅಳತೆಗೋಲು ಮಾಡಿಕೊಳ್ಳುವುದು? ರಾತ್ರಿಯ ಮೊದಲ ಕ್ಯಾಸೆಟ್ಟಿನ ಶ್ರುತಿಯನ್ನೇ ಕೊನೆಯದಕ್ಕೆ ಹೊಂದಿಸಿದರೆ ಆಯ್ತು ಅಂದುಕೊಳ್ಳಬೇಡಿ. ಸಂಜೆ ಹಾಡಿದವರು ಎಳೆಯ ಭಾಗವತರು, ತಡರಾತ್ರಿ ಕೂತವರು ಮುಖ್ಯ ಭಾಗವತರು. ಇಬ್ಬರ ಶ್ರುತಿ ಒಂದೇ ಇರಬೇಕಂತ ಇಲ್ಲ. ಮೈಕ್‌ಸೆಟ್ಟಿನ ಆಂಪ್ಲಿಫೈಯರಿನಿಂದ ವಯರ್ ಎಳೆದು ರೆಕಾರ್ಡ್ ಮಾಡಿದ್ದರೆ ಅಡಿಯಲ್ಲಿ ‘ಗುಂಯ್’ ಅಂತ ಕರೆಂಟಿನ ಸದ್ದು ಇರುತ್ತದೆ. ಅದು 50 ಹರ್ಟ್ಸ್ ಅಥವಾ ಅದರ ಎರಡು ಪಟ್ಟು, 100ರಲ್ಲಿ ಇರಬೇಕು. 53ರಲ್ಲಿ, 106ರಲ್ಲಿ ಕಂಡರೆ ವೇಗ ತಪ್ಪಿದೆ ಅಂತ ಸಂಶಯ ಪಡಿ. ಸಂಶಯ ಮಾತ್ರ, ಯಾಕೆಂದರೆ ಆಗಿನ ಕರೆಂಟು ನೆಟ್ಟಗೆ 50ರಲ್ಲಿ ನಿಲ್ಲುತ್ತಿರಲಿಲ್ಲ. ಜನರೇಟರ್ ಆದರೆ ಕೇಳುವುದೇ ಬೇಡ. ನನಗೆ ಹೆಚ್ಚು ಭರವಸೆ ಕೊಡುವುದು ಮಾತು. ವೇಷಧಾರಿಯ ಅರ್ಥ (ಪದ್ಯದ ಮೇಲೆ ಆಡುವ ಮಾತು), ಹಾಸ್ಯಗಾರನ ಮಾತು ಸಹಜವಾಗಿ ಕೇಳುವವರೆಗೆ ವೇಗ ಇಳಿಸಿ. ನಿಮ್ಮ ತಂದೆಯವರು ಕ್ಯಾಸೆಟ್ಟಿನ ಶುರುವಿಗೆ ತಾರೀಕು, ಊರು ಹೇಳಿ ರೆಕಾರ್ಡ್ ಮಾಡಿದ್ದರೆ ನಿಮ್ಮಷ್ಟು ಸರಿಯಾಗಿ ಬೇರೆ ಯಾರೂ ಅದನ್ನು ಹೊಂದಿಸಲಾರರು.

ಇನ್ನು ಸ್ವರ ಸಪೂರ ಆದದ್ದು. ಆಟದಲ್ಲಿ ಟೇಪ್‌ರೆಕಾರ್ಡರನ್ನು ಕೊಂಬು ಸ್ಪೀಕರಿನ ಅಡಿಯಲ್ಲಿ ಇಟ್ಟಿದ್ದರೆ ಮೂಲದಲ್ಲೇ ಸಪೂರ. ಆ ಕೊಂಬಿನಲ್ಲಿ ಮದ್ದಳೆಯ ತುಂಬು ನಾದ ಬರುವುದೇ ಇಲ್ಲ, ಕಾಪಿ ಮಾಡಿದವರು ಎಂತ ಮಾಡಲಿಕ್ಕೂ ಇಲ್ಲ. ಆದರೆ ಸಪೂರದ ಜೊತೆಗೆ ಮಂಕೂ ಇದ್ದರೆ, ಅಂದರೆ ಸ, ಶ ಸರಿಯಾಗಿ ಕೇಳದೆ ಕಂಬಳಿ ಹೊದ್ದು ಹಾಡಿದ ಹಾಗೆ ಇದ್ದರೆ, ಡೆಕ್ಕಿನ ಹೆಡ್, ಅಂದರೆ ಟೇಪಿನಿಂದ ಸದ್ದು ಓದುವ ಭಾಗ, ವಾಲಿದೆ.

ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಉಂಟು. ಅದು ಟೇಪು ಓಡುವ ದಾರಿಗೆ ನೆಟ್ಟಗೆ 90 ಡಿಗ್ರಿಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ಮೊದಲು ಸಾಯುವುದು ಮೇಲಿನ ಸ್ವರಗಳು. ಹೆಡ್ಡಿನ ಪಕ್ಕದಲ್ಲಿ, ಸ್ಪ್ರಿಂಗು ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಚ್ಚಿನ ಡೆಕ್ಕುಗಳಲ್ಲಿ ಪ್ಲೇ ಮಾಡುವಾಗ ಮುಚ್ಚಳದ ತೂತಿನಿಂದ ಅದಕ್ಕೆ ಸ್ಕ್ರೂಡ್ರೈವರ್ ತಾಗುತ್ತದೆ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸಿ. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಆಟವಾದರೆ ಜಾಗಟೆಗೆ ಕಿವಿ ಕೊಡಿ, ಬಡಗುತಿಟ್ಟಾದರೆ (ಉತ್ತರದ ಶೈಲಿ) ಭಾಗವತರ ತಾಳಕ್ಕೆ. ಕಂಚಿನ ಆ ‘ಣಂಯ್’ ಎಲ್ಲಿ ಅತ್ಯಂತ ಚುರುಕಾಗಿ, ಉದ್ದವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಮದ್ದಳೆಗೆ, ಚೆಂಡೆಗೆ ಕಿವಿ ಕೊಟ್ಟರೆ ಮೋಸ ಹೋಗುತ್ತೀರಿ. ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆ ಹೊಂದಿಸಬೇಕು, ಯಾಕೆಂದರೆ ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ನಿಮ್ಮದೂ ಅಷ್ಟೇ ವಾಲಬೇಕು.

ಈ ಸ್ಕ್ರೂವಿನಲ್ಲಿ ನಾನೇ ಬೇಸ್ತು ಬಿದ್ದಿದ್ದೇನೆ. ಮಂಗಳೂರಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಕಾಲ. ಒಬ್ಬರ ಹಳೇ ಕ್ಯಾಸೆಟ್ಟಿಗೆ ಹೊಂದಿಸಿ ಹೆಡ್ ತಿರುಗಿಸಿದೆ, ಪುನಃ ಮೊದಲಿನ ಜಾಗಕ್ಕೆ ತರಲು ಮರೆತೆ. ಅದೇ ಡೆಕ್ಕಿನಲ್ಲಿ ಸ್ನೇಹಿತರೊಬ್ಬರಿಗೆ ಹನ್ನೊಂದು ಕ್ಯಾಸೆಟ್ ರೆಕಾರ್ಡ್ ಮಾಡಿ ಕೊಟ್ಟೆ. ನನ್ನಲ್ಲಿ ಕೇಳುವಾಗ ಬೊಂಬಾಟ್. ಅವರ ಮನೆಯಲ್ಲಿ ಬರೀ ಮಂಕು. ‘ನಿಮ್ಮ ಡೆಕ್ಕು ಸರಿ ಇಲ್ಲ’ ಅಂತ ಅವರಿಗೇ ದಬಾಯಿಸಿದೆ. ಮೂರನೆಯ ಒಬ್ಬರ ಮನೆಯಲ್ಲೂ ಮಂಕಾಗಿ ಕೇಳಿದಾಗ ಗೊತ್ತಾಯಿತು. ಹನ್ನೊಂದನ್ನೂ ಪುನಃ ಮಾಡಿಕೊಟ್ಟೆ, ಖಾಲಿ ಕ್ಯಾಸೆಟ್ಟಿನ ಖರ್ಚು ನನ್ನದೇ. ಹಾಗಾಗಿ ನಿಮಗೆ ‘ಇಷ್ಟು ಸಾಕು’ ಅಂದವರ ಮೇಲೆ ನನಗೆ ಜಾಸ್ತಿ ಸಿಟ್ಟಿಲ್ಲ. ಅವರಿಗೂ ತಮ್ಮಲ್ಲಿ ಚೆನ್ನಾಗಿಯೇ ಕೇಳುತ್ತಿರಬಹುದು.

ಅವರನ್ನು ಕೇಳುವ ರೀತಿ ಬೇರೆ ಇದ್ದಿದ್ದರೆ ಉತ್ತರವೂ ಬೇರೆ ಬರುತ್ತಿತ್ತೇನೋ. ‘ಸೌಂಡ್ ಸರಿ ಇಲ್ಲ’ ಅಂದರೆ ಯಾರಿಗೂ ಬೇಜಾರು. ರಾತ್ರಿ ಕೂತು, ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆಯೇ ಕೊಟ್ಟು ಕಾಪಿ ಮಾಡಿದವರು ಅವರು. ‘ನಿಮ್ಮಲ್ಲಿರುವುದು ನೀವೇ ರೆಕಾರ್ಡ್ ಮಾಡಿದ್ದಾ, ಯಾರಿಂದಾದ್ರೂ ಬಂದದ್ದಾ? ಮೂಲ ಯಾರ ಹತ್ರ ಉಂಟು?’ ಅಂತ ಕೇಳಿ. ಈ ಎರಡು ಪ್ರಶ್ನೆಯಲ್ಲಿ ನಿಮಗೆ ಬೇಕಾದ ಸಂಗತಿ ಪೂರ್ತಿ ಸಿಗುತ್ತದೆ. ಟೇಪಿನ ಗುಣಮಟ್ಟ ಅಂದರೆ ಮೊದಲ ರೆಕಾರ್ಡಿಂಗಿಗೆ ನೀವು ಎಷ್ಟು ಹತ್ತಿರ ಇದ್ದೀರಿ ಅನ್ನುವುದು. ಈ ವ್ಯವಹಾರದಲ್ಲಿ ಮರ್ಯಾದೆ ಅಂದರೆ ಆ ದೂರವನ್ನು ಸುಳ್ಳಿಲ್ಲದೆ ಹೇಳುವುದು. ನನಗೆ ಇವೆರಡೂ ಬೇರೆ ವಿಷಯ ಅಂತ ಯಾವತ್ತೂ ಅನ್ನಿಸಿಲ್ಲ.

ದೂರ ಅಂದೆ. ಟೇಪಿನಿಂದ ಟೇಪಿಗೆ ಕಾಪಿ ಆಗುವಾಗ ಪ್ರತಿ ಸಲ ಹೊಸ ಟೇಪಿನ ‘ಸುಯ್’ ಹಳೆಯದರ ಮೇಲೆ ಕೂರುತ್ತದೆ. ಮೊದಲ ಕಾಪಿಯಲ್ಲೇ ಸುಮಾರು 3 ಡೆಸಿಬಲ್ ಜಾಸ್ತಿ. ವೇಗದ ತೂಗಾಟವೂ ಸೇರಿಕೊಳ್ಳುತ್ತದೆ. ಡಬಲ್ ಡೆಕ್ಕಿನಲ್ಲಿ ಬೇಗ ಮುಗಿಯಲಿ ಅಂತ ಹೈಸ್ಪೀಡ್ ಗುಂಡಿ ಒತ್ತಿದ್ದರೆ ಮೇಲಿನ ಸ್ವರ ಇನ್ನಷ್ಟು ಹೋಗುತ್ತದೆ. ಪದ್ಯ ಇದನ್ನು ತಡೆದುಕೊಳ್ಳುತ್ತದೆ, ಅರ್ಥ ತಡೆದುಕೊಳ್ಳುವುದಿಲ್ಲ. ಸ, ಶ, ಷಗಳ ಚೂಪು ಇರುವುದೇ ಮೇಲಿನ ಕಂಪನಗಳಲ್ಲಿ, 4,000 ಹರ್ಟ್ಸಿನ ಮೇಲೆ. ನಾಲ್ಕೈದು ಕೈ ದಾಟಿದ ತಾಳಮದ್ದಳೆಯಲ್ಲಿ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳುತ್ತಿದ್ದರೆ, ಅವರು ಯಾವ ಶಬ್ದದ ಮೇಲೆ ಎದುರಾಳಿಯನ್ನು ಹಿಡಿದರೋ ಆ ಶಬ್ದವೇ ಕೇಳದೆ ಹೋಗುತ್ತದೆ. ಸಭೆ ನಗುತ್ತದೆ, ನೀವು ಯಾಕೆ ಅಂತ ಗೊತ್ತಾಗದೆ ಕೂತಿರುತ್ತೀರಿ.

ಹೆಚ್ಚು ಜನಪ್ರಿಯ ಆದದ್ದು ಹೆಚ್ಚು ಕೈ ದಾಟಿರುತ್ತದೆ. ಬಡಗಿನ ಭಾಗವತರಾದ ಕಾಳಿಂಗ ನಾವಡರ ಟೇಪುಗಳ ಕಥೆ ಇದೇ. 1990ರಲ್ಲಿ, ಇನ್ನೂ ಮೂವತ್ತರ ಆಚೀಚಿನ ವಯಸ್ಸಿನಲ್ಲಿ ಅವರು ಅಪಘಾತದಲ್ಲಿ ಹೋದ ಮೇಲೆ ಊರೂರಿನಲ್ಲಿ ಕಾಪಿಯ ಮೇಲೆ ಕಾಪಿ ಆಯಿತು. ಅಂಥ ಒಂದು ಟೇಪು ಅವರ ಊರು ಗುಂಡ್ಮಿಯ ಹತ್ತಿರದಿಂದ ಹೊರಟು ದುಬೈಗೆ ಹೋಗಿ, ಅಲ್ಲಿ ಕಾಪಿಯಾಗಿ, ರಜೆಯಲ್ಲಿ ಬಂದವರ ಪೆಟ್ಟಿಗೆಯಲ್ಲಿ ಮಂಗಳೂರಿಗೆ ಬಂದು ನನ್ನ ಅಂಗಡಿ ಸೇರಿತ್ತು. ನಿಮ್ಮ ತಂದೆಯವರ ರಾಶಿಯಲ್ಲಿ ಅವರೇ ಕೂತು ಹಿಡಿದ ನಾವಡರ ಒಂದು ರಾತ್ರಿ ಇದ್ದರೆ, ಮಾರುಕಟ್ಟೆಯಲ್ಲಿರುವ ಹತ್ತು ಕಾಪಿಗಿಂತ ಅದಕ್ಕೆ ಬೆಲೆ ಜಾಸ್ತಿ, ಜನ ಎಷ್ಟೇ ಕೆಮ್ಮಿರಲಿ.

ಒಂದು ದೋಷಕ್ಕೆ ಮಾತ್ರ ಯಾರನ್ನೂ ಬೈಯಬೇಡಿ. ಚೆಂಡೆ ಬಿದ್ದ ಕೂಡಲೇ ಭಾಗವತರ ಸ್ವರ ಒಳಗೆ ಹೋಗಿ, ಮತ್ತೆ ಮೆಲ್ಲ ಮೇಲೆ ಬರುತ್ತದಲ್ವಾ, ಅದು. ಆಗಿನ ಟೂ-ಇನ್-ವನ್‌ಗಳಲ್ಲಿ (ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಇರುವ ಯಂತ್ರ) ರೆಕಾರ್ಡಿಂಗ್ ಮಟ್ಟವನ್ನು ಯಂತ್ರವೇ ಏರಿಸಿ ಇಳಿಸುತ್ತಿತ್ತು. ಚೆಂಡೆಯ ಪೆಟ್ಟಿಗೆ ಹೆದರಿ ಇಳಿಸುತ್ತದೆ, ಸದ್ದು ಕಡಿಮೆಯಾದಾಗ ಏರಿಸುತ್ತದೆ. ಏರಿಸುವಾಗ ಸುಯ್ ಎನ್ನುವ ಸದ್ದು, ಪಕ್ಕದಲ್ಲಿ ಕೂತವರ ಮಾತು, ಚರುಮುರಿಯವನ ಡಬ್ಬದ ಸದ್ದು ಎಲ್ಲ ಮುಂದೆ ಬರುತ್ತವೆ. ಟೇಪಿನಲ್ಲೇ ಅಚ್ಚಾದದ್ದು ಅದು, ಹಾಗೇ ಕೇಳಬೇಕು.

ಈಗ ನೀವು ಕಾಪಿ ಮಾಡುವ ಕ್ರಮ. ಟೇಪಿನಿಂದ ಟೇಪಿಗೆ ಮಾಡುವುದನ್ನು ಬಿಡಿ, ನೇರ ಕಂಪ್ಯೂಟರಿಗೆ ಹೋಗಿ. ಯುಎಸ್‌ಬಿ ವಯರ್ ಇರುವ ಸಣ್ಣ ಆಟಿಕೆಯಂಥ ಪ್ಲೇಯರುಗಳು ಆನ್‌ಲೈನಿನಲ್ಲಿ ಸಿಗುತ್ತವೆ, ದಯವಿಟ್ಟು ಬೇಡ. ನಾನು ಬಿಚ್ಚಿ ನೋಡಿದವುಗಳಲ್ಲಿ ಮೋಟಾರು ತೂಗಾಡುತ್ತದೆ, ಶ್ರುತಿ ಅಲುಗಾಡುತ್ತದೆ. ಒಂದು ಹಳೇ ಒಳ್ಳೆಯ ಡೆಕ್ಕು ಹುಡುಕಿ, ಬೆಲ್ಟು ಬದಲಾಯಿಸಿ, ಹೆಡ್ಡನ್ನೂ ಟೇಪು ಓಡುವ ಲೋಹದ ಭಾಗಗಳನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಮೂರು ನಾಲ್ಕು ಕ್ಯಾಸೆಟ್ಟಿಗೊಮ್ಮೆ ಒರೆಸಬೇಕು. ಹಳೇ ಟೇಪು ಕಂದು ಪುಡಿ ಬಿಡುತ್ತದೆ. ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿನ ಲೈನ್ ಇನ್ನಿಗೆ ವಯರ್ ಹಾಕಿ. ಮೈಕ್ ಹಾಕುವ ತೂತಿಗೆ ಬೇಡ. ಡೆಕ್ಕಿನಲ್ಲಿ ಸುಯ್ ಕಡಿಮೆ ಮಾಡುವ ಡಾಲ್ಬಿ ಗುಂಡಿ ಇದ್ದರೆ ಆಫ್ ಇರಲಿ. ಟೂ-ಇನ್-ವನ್ನಿನಲ್ಲಿ ರೆಕಾರ್ಡ್ ಮಾಡಿದ್ದಕ್ಕೆ ಡಾಲ್ಬಿ ಇದ್ದಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಲ್ಲದ್ದಕ್ಕೆ ಡಾಲ್ಬಿ ಹಾಕಿ ಕೇಳಿದರೆ ಸುಯ್ ಜೊತೆಗೆ ಜಾಗಟೆಯೂ ಸಾಯುತ್ತದೆ.

ರೆಕಾರ್ಡಿಂಗ್ ಮಟ್ಟವನ್ನು ಚೆಂಡೆಯ ಅತಿ ಜೋರಿನ ಪೆಟ್ಟಿಗೆ ಮೈನಸ್ 6 ಡೆಸಿಬಲ್ ಹತ್ತಿರ ನಿಲ್ಲಿಸಿ. ಭಾಗವತರಿಗೆ ನೋಡಿ ಹೊಂದಿಸಿದರೆ ಚೆಂಡೆ ಜೋರಾಗುವ ಏರುಪದ್ಯ ಬಂದಾಗ ಸದ್ದು ಒಡೆಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಸಾಕು. 90 ನಿಮಿಷದ ಕ್ಯಾಸೆಟ್ ವೇವ್ ಫೈಲಿನಲ್ಲಿ ಸುಮಾರು ಒಂದೂವರೆ ಜಿ.ಬಿ. ಆಗುತ್ತದೆ. 140ಕ್ಕೂ ಸೇರಿ 220 ಜಿ.ಬಿ. ಒಳಗೆ ಮುಗಿಯುತ್ತದೆ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಕೊಡುವಾಗ ಫ್ಲ್ಯಾಕ್ ಮಾಡಿ ಕೊಡಿ, ಏನೂ ಕಳೆದುಹೋಗದೆ ಗಾತ್ರ ಇಳಿಯುತ್ತದೆ. ಎಂಪಿ3 ಬೇಕು ಅಂದವರಿಗೆ ಎಂಪಿ3 ಕೊಡಿ, ಆದರೆ ಎಂಪಿ3ಯಿಂದ ಪುನಃ ವೇವ್ ಮಾಡಿ ‘ಒರಿಜಿನಲ್’ ಅಂತ ದಾಟಿಸುವವರೂ ಇದ್ದಾರೆ, ನೆನಪಿರಲಿ.

ಕಾಪಿ ಮಾಡುವಾಗ ಕೊನೆಯವರೆಗೆ ಕೇಳಿ. ಇದು ಸೌಂಡಿಗಾಗಿ ಅಲ್ಲ. ಆ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಉಳಿದ ಜಾಗ ಯಾರೂ ಹಾಳು ಮಾಡುತ್ತಿರಲಿಲ್ಲ. ಗಲ್ಫಿಗೆ ಹೋದ ಮಗನಿಗೆ ಮನೆಯವರು ಸುತ್ತ ಕೂತು ಮಾತಾಡಿ ಕಳಿಸುತ್ತಿದ್ದ ಕ್ಯಾಸೆಟ್ಟು ಪತ್ರಗಳನ್ನು ನಾನು ಎಷ್ಟೋ ಸಲ ಪದ್ಯದ ಬೆನ್ನಿಗೆ ಕೇಳಿದ್ದೇನೆ. ಜಾಗದ ತಕರಾರು, ಮದುವೆಯ ಮಾತುಕತೆ, ಅಳು. ಅದು ಮನೆಯಲ್ಲೇ ಇರಬೇಕಾದ್ದು. ಚೌಕಿಯಲ್ಲಿ ಕಲಾವಿದರು ತಮ್ಮತಮ್ಮೊಳಗೆ ಆಡಿದ ಮಾತು ರೆಕಾರ್ಡ್ ಆಗಿದ್ದರೂ ಹಾಗೆಯೇ. ರಂಗದ ಮೇಲೆ ಹೇಳಿದ್ದು ಊರಿಗೆ, ಚೌಕಿಯಲ್ಲಿ ಹೇಳಿದ್ದು ಚೌಕಿಗೆ.

ಅದೇ ಹೊತ್ತಿಗೆ ಆಟದ ಒಳಗಿನ ಯಾವುದನ್ನೂ ಕತ್ತರಿಸಬೇಡಿ. ಕೆಮ್ಮು ಇರಲಿ, ಮಗು ಅಳುವುದು ಇರಲಿ, ಮೈಕು ಕಿರುಚಿದ್ದು ಇರಲಿ. ಸೈಡ್ ತಿರುಗಿಸುವಾಗ ಅರ್ಧ ಪದ್ಯ ಹೋಗಿದ್ದರೆ ಹೋಗಿದೆ ಅಂತ ಬರೆಯಿರಿ, ಜೋಡಿಸಿ ಮುಚ್ಚಬೇಡಿ. ಸುಯ್ ತೆಗೆಯುವ ಸಾಫ್ಟ್‌ವೇರಿನ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ಹಾಕಿದರೆ ಪರವಾಗಿಲ್ಲ. ಜಾಸ್ತಿ ಹಾಕಿದರೆ ಭಾಗವತರು ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ, ಜಾಗಟೆಯ ಬಾಲ ತುಂಡಾಗುತ್ತದೆ. ನಿಮಗೆ ಬೇಕಾದರೆ ಕಾರಿನಲ್ಲಿ ಕೇಳಲು ಒಂದು ಶುದ್ಧ ಮಾಡಿದ ಪ್ರತಿ ಮಾಡಿಕೊಳ್ಳಿ. ಬೇರೆಯವರಿಗೆ ಕೊಡುವಾಗ ಏನೂ ಮಾಡದ್ದನ್ನು ಕೊಡಿ. ಸುಯ್ ಯಾವಾಗ ಬೇಕಾದರೂ ತೆಗೆಯಬಹುದು. ತೆಗೆದ ಮೇಲೆ ಅದರ ಜೊತೆ ಹೋದದ್ದನ್ನು ತರಲಿಕ್ಕಾಗುವುದಿಲ್ಲ.

ಲೇಬಲ್ಲಿನಲ್ಲಿ ಪ್ರಸಂಗ, ಮೇಳ, ಊರು, ತಾರೀಕು, ಹಿಮ್ಮೇಳ (ಹಾಡಿದವರು, ಬಾರಿಸಿದವರು), ಮುಮ್ಮೇಳ (ವೇಷ ಮಾಡಿದವರು, ಅರ್ಥ ಹೇಳಿದವರು) ಬರೆಯುವುದು ನಿಮಗೆ ಹೇಳಬೇಕಾಗಿಲ್ಲ. ಅದರ ಕೆಳಗೆ ಇನ್ನೂ ಮೂರು ಸಾಲು ಸೇರಿಸಿ. ರೆಕಾರ್ಡ್ ಮಾಡಿದವರ ಹೆಸರು. ಇದು ಮೂಲದಿಂದ ಎಷ್ಟನೆಯ ಕಾಪಿ. ಏನೇನು ಬದಲಾಯಿಸಿದ್ದೀರಿ, ಉದಾಹರಣೆಗೆ ‘ಸ್ಪೀಡ್ ಶೇ. 5 ಇಳಿಸಿದ್ದು, ಅಂದಾಜಿನಲ್ಲಿ’. ಬೇರೆಯವರಿಂದ ಬಂದ ಲೇಬಲ್ಲನ್ನು ಕಣ್ಣುಮುಚ್ಚಿ ನಂಬಬೇಡಿ. ‘ನಾವಡರು, 1992’ ಅಂತ ಬರೆದದ್ದು ನನ್ನ ಕೈಗೆ ಬಂದಿದೆ. ‘ಮಂಗಳೂರು ಆಕಾಶವಾಣಿ, 1974’ ಅಂತಲೂ ಬಂದಿದೆ, ಆ ನಿಲಯ ಶುರುವಾದದ್ದೇ 1976ರ ಡಿಸೆಂಬರಿನಲ್ಲಿ. ಜುಲೈ ತಿಂಗಳ ತಾರೀಕಿನಲ್ಲಿ ಬಯಲಾಟ ಅಂತಿದ್ದರೂ ಯೋಚಿಸಿ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ತಾಳಮದ್ದಳೆಯದು. ಸಂಶಯ ಇದ್ದಲ್ಲಿ ತಿದ್ದಿ ಬರೆಯುವ ಬದಲು ಹಳೆಯದನ್ನೂ ಇಟ್ಟು ಪಕ್ಕದಲ್ಲಿ ನಿಮ್ಮ ಸಂಶಯ ಬರೆಯಿರಿ.

ಯೂಟ್ಯೂಬಿನ ವಿಷಯ ನಿಮಗೆ ಹೆಚ್ಚು ಮಂಡೆಬಿಸಿ ಮಾಡಿದ್ದು ಅಂತ ಗೊತ್ತಾಗುತ್ತದೆ. ತಪ್ಪು ನಿಮ್ಮಿಂದ ಕಾಪಿ ತೆಗೆದುಕೊಂಡವರದೇ. ಕೇಳದೆ ಮೂರನೆಯವರಿಗೆ ದಾಟಿಸಬಾರದು ಅನ್ನುವುದು ಈ ಕೊಡು-ಕೊಳ್ಳುವಿಕೆಯಲ್ಲಿ ಹಳೇ ಮಾತು. ಆದರೆ ನಿಮ್ಮ ಕಡೆಯಿಂದಲೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಂತ ನನ್ನ ಅಂದಾಜು. ಮುಂದೆ ಕೊಡುವಾಗಲೇ ಹೇಳಿ: ನಿಮಗೆ ಕೇಳಲಿಕ್ಕೆ, ಮತ್ತೊಬ್ಬರಿಗೆ ಬೇಕಾದರೆ ನನ್ನ ಹತ್ತಿರ ಕಳಿಸಿ. ಈಗ ಹಾಕಿದವರಿಗೆ ಒಂದು ಫೋನ್ ಮಾಡಿ, ನಿಮ್ಮ ತಂದೆಯವರ ಹೆಸರು, ತಾರೀಕು, ಊರು ಸೇರಿಸಲು ಹೇಳಿ. ತೆಗೆಯಿರಿ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹಾಗಂತ ರೆಕಾರ್ಡ್ ಮಾಡಿದ ಮಾತ್ರಕ್ಕೆ ಹಾಡು ನಮ್ಮದಾಗುವುದಿಲ್ಲ. ನಾನು ವಕೀಲ ಅಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆದಾಗ ಹಾಡಿದವರಿಗೆ, ಆಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂತು. ಮನೆಯಲ್ಲಿ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಕಲಾವಿದರು ಬದುಕಿದ್ದರೆ ಅವರಿಗೊಂದು ಪ್ರತಿ ಮೊದಲು ಮುಟ್ಟಿಸಿ, ಹಾಕಬಹುದಾ ಅಂತ ಕೇಳಿ. ಸ್ವರ ಕೆಟ್ಟ ರಾತ್ರಿಯದು ಬೇಡ ಅಂದರೆ ಬೇಡ. ಕಂಪೆನಿಯವರು ಮಾರಿದ ಕ್ಯಾಸೆಟ್ಟುಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ದುಡ್ಡು ತೆಗೆದುಕೊಳ್ಳಬೇಡಿ, ಅಂಚೆ ಖರ್ಚು ಬೇಕಾದರೆ ಆಯ್ತು. ಹಿಂದೆ ನಮ್ಮಲ್ಲಿ ಎರಡು ಖಾಲಿ ಕ್ಯಾಸೆಟ್ ಕೊಟ್ಟರೆ ಒಂದು ತುಂಬಿಸಿ ಕೊಡುತ್ತಿದ್ದರು, ಇನ್ನೊಂದು ಮಾಡಿಕೊಟ್ಟವನಿಗೆ. ಅಷ್ಟು ನ್ಯಾಯವೇ.

ಕೊನೆಗೆ, ಯಾವುದರಿಂದ ಶುರು ಮಾಡುವುದು? ಒಳ್ಳೆ ಭಾಗವತರದ್ದನ್ನು ಮೊದಲು ತೆಗೆಯಬೇಡಿ, ಕೆಟ್ಟ ಸ್ಥಿತಿಯದನ್ನು ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಕಿಟಕಿಯಲ್ಲಿ ಬೆಳಕಿಗೆ ಹಿಡಿದರೆ ಸುರುಳಿಯ ಮೇಲೆ ಹಿಟ್ಟು ಉದುರಿದ ಹಾಗೆ ಕಾಣುತ್ತದೆ. ಅಂಥದ್ದನ್ನು ಪ್ಲೇ ಮಾಡಬೇಡಿ, ಹೆಡ್ಡಿನಿಂದ ಉಳಿದವಕ್ಕೂ ಹಬ್ಬುತ್ತದೆ. ಬೇರೆ ಇಡಿ, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಒಂದೆರಡು ವಾರ ಒಣಗಲಿ. ಬಿಸಿಲಿಗೆ ಹಾಕಬೇಡಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಜಗಲಿಯಲ್ಲಿ ಕೂತು, ಒಣ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಮೆಲ್ಲ ಕೈಯಲ್ಲಿ ಸುತ್ತುತ್ತಾ ಒರೆಸಬೇಕು. ಐದು ಸ್ಕ್ರೂ ಇರುವ ಹೊಸ ಡಬ್ಬಿಗೆ ಸುರುಳಿ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಕ್ಯಾಸೆಟ್ಟಿನ ಬೆನ್ನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಇವತ್ತೇ ಮುರಿದುಬಿಡಿ, ಮತ್ತೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡದ ಹಾಗೆ. ಈ ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು, ಗಾಳಿಯಲ್ಲಿ ಪಸೆ ಕಡಿಮೆ. ಅಷ್ಟರೊಳಗೆ ಆ ಮೂರು ಒರಿಜಿನಲ್ ತಂದುಬಿಡಿ. ಎಂಟು ತಿಂಗಳಲ್ಲಿ ಒಂದು ಇಡೀ ಮಳೆಗಾಲ ಹೋಗಿರುತ್ತದೆ, ಅವರ ಕಪಾಟಿನಲ್ಲಿ ಎಂತ ಆಗಿದೆಯೋ.